ಸೊಳ್ಳೆ ಹೊದಿಕೆ ಕೊಳ್ಳಿ, ಆದರೆ ಸೂಜಿ ಮೊದಲು

ಹೊತ್ತು ಮುಳುಗುವ ಮುಂಚೆ ನನ್ನ ಎರಡೂ ಕುದುರೆಗಳಿಗೆ ಬಲೆಯ ರಗ್ ತೊಡಿಸಲು ಶುರು ಮಾಡಿ ಹದಿನಾಲ್ಕು ತಿಂಗಳಾಯಿತು. ಕುತ್ತಿಗೆಯಿಂದ ಬಾಲದ ಬುಡದವರೆಗೆ, ಹೊಟ್ಟೆಯಡಿಯನ್ನೂ ಬಿಡದೆ ಮುಚ್ಚುವ ಬಿಳಿ ಬಟ್ಟೆ. ಜೊತೆಗೆ ಕಿವಿಗಳನ್ನೂ ಒಳಗೆ ಸೇರಿಸಿಕೊಳ್ಳುವ ಮುಖಗವಸು. ಕೊಳ್ಳುವ ಮುಂಚೆ ನಾನೂ ಹತ್ತಾರು ಜನರ ಅಭಿಪ್ರಾಯ ಓದಿದ್ದೆ. ಬೇಗ ಬಂತು, ಬಣ್ಣ ಚೆನ್ನಾಗಿದೆ, ಅಳತೆ ಸರಿಯಾಗಿದೆ, ಇಷ್ಟೇ. ಕುದುರೆಯ ಅಂದಕ್ಕೆ ಕೊಳ್ಳುವವರಿಗೆ ಅದು ಸಾಕು. ಸೊಳ್ಳೆ ತರುವ ಮಿದುಳು ಜ್ವರಕ್ಕೆ ಹೆದರಿ ಕೊಳ್ಳುವವರಿಗೆ ಸಾಲದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೊಂಡ ಕಾರಣವನ್ನು ಹೇಳದೆ ಮುಂದೆ ಹೋದರೆ ನನ್ನ ಮಾತಿನ ತೂಕ ನಿಮಗೆ ತಿಳಿಯುವುದಿಲ್ಲ. ಗೌರಿ ನನ್ನ ಹದಿನಾಲ್ಕು ವರ್ಷದ ಹೆಣ್ಣು ಕುದುರೆ. ಮಕ್ಕಳಿಗೆ ಸವಾರಿ ಕಲಿಸುವವಳು ಅವಳೇ, ನಾನು ಪಕ್ಕದಲ್ಲಿ ಹಗ್ಗ ಹಿಡಿದು ನಡೆಯುತ್ತೇನೆ ಅಷ್ಟೆ. ಹೋದ ವರ್ಷ ಒಂದು ಬೆಳಿಗ್ಗೆ ಅವಳ ಬಲ ಹಿಂಗಾಲಿನ ಗೊರಸು ಮರಳಿನಲ್ಲಿ ಗೆರೆ ಎಳೆಯುತ್ತಿತ್ತು. ಕಲ್ಲು ಚುಚ್ಚಿರಬೇಕು ಅಂದುಕೊಂಡು ಗೊರಸು ಎತ್ತಿ ನೋಡಿದೆ, ಏನೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತುಟಿ ತಾನಾಗಿಯೇ ಅದುರತೊಡಗಿತು. ಕೊರಳಿನ ಮಾಂಸಖಂಡಗಳು ಚರ್ಮದಡಿಯಲ್ಲಿ ಹುಳು ಹರಿದಾಡಿದಂತೆ ನಡುಗುತ್ತಿದ್ದವು. ದಿನಾ ಮೈಯುಜ್ಜಿದರೆ ಕಣ್ಣು ಮುಚ್ಚಿ ನಿಲ್ಲುವವಳು, ಅಂದು ಬ್ರಷ್ ಮುಟ್ಟಿಸಿದರೆ ಬೆಚ್ಚಿಬಿದ್ದಳು. ಜ್ವರ ನೋಡಿದರೆ ಹೆಚ್ಚೇನಿಲ್ಲ. ನನ್ನನ್ನು ಮೋಸಗೊಳಿಸಿದ್ದು ಅದೇ. ಜ್ವರವಿಲ್ಲವಲ್ಲ, ನಾಳೆ ನೋಡೋಣ ಅಂತ ಒಂದು ರಾತ್ರಿ ಕಳೆದೆ.

ಮರುದಿನ ಬಂದ ಪಶುವೈದ್ಯರು ಲಾಯದ ಬಾಗಿಲಲ್ಲೇ ನಿಂತು ಕೈಗವಸು ಹಾಕಿಕೊಂಡರು. "ಅಮ್ಮಾ, ಎಲ್ಲರೂ ಸ್ವಲ್ಪ ಹಿಂದೆ ನಿಲ್ಲಿ. ಹುಚ್ಚುನಾಯಿ ರೋಗ ಅಲ್ಲ ಅಂತ ಗೊತ್ತಾಗುವವರೆಗೂ ಅವಳ ಜೊಲ್ಲು ಯಾರೂ ಮುಟ್ಟಬೇಡಿ" ಅಂದರು. ರೇಬೀಸ್ ಕೂಡ ಕುದುರೆಯಲ್ಲಿ ಹೀಗೆಯೇ ಶುರುವಾಗಬಹುದು ಎಂದು ನನಗೆ ಗೊತ್ತಾದದ್ದು ಆಗಲೇ. ಆಮೇಲೆ ಹೊಸ ಸೋಂಕು ತಗುಲಿದಾಗ ರಕ್ತದಲ್ಲಿ ಮೂಡುವ ಐಜಿಎಂ ಪ್ರತಿಕಾಯದ ಪರೀಕ್ಷೆ ಮಾಡಿಸಿದರು. ವೆಸ್ಟ್ ನೈಲ್, ಸೊಳ್ಳೆ ತರುವ ಮಿದುಳು ಜ್ವರಗಳಲ್ಲಿ ಒಂದು.

"ಔಷಧಿ?" ಅಂದೆ. "ಈ ವೈರಸ್ ಕೊಲ್ಲುವ ಔಷಧಿ ಇಲ್ಲಮ್ಮ. ಉರಿಯೂತ ಇಳಿಸಬಹುದು, ನೀರಿನಂಶ ಕಾಪಾಡಬಹುದು, ಬೀಳದ ಹಾಗೆ ನೋಡಿಕೊಳ್ಳಬಹುದು. ಮಿಕ್ಕದ್ದು ಅವಳೇ ಮಾಡಬೇಕು." ಮೂರನೇ ದಿನ ಗೌರಿ ಮಲಗಿದವಳು ಏಳಲಾರದೆ ಹೋದಳು. ದಪ್ಪ ಹಾಸು ಹಾಸಿ, ಎರಡು ಗಂಟೆಗೊಮ್ಮೆ ನಾಲ್ಕು ಜನ ಸೇರಿ ಮಗ್ಗುಲು ಬದಲಿಸಿದೆವು. ಐದನೇ ದಿನ ಬೆಳಗಿನ ಜಾವ ಎದ್ದಳು. ರೋಗಲಕ್ಷಣ ಕಾಣಿಸಿಕೊಂಡ ಕುದುರೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಅವಳು ಎದ್ದ ಮೇಲೆ. ಮೊದಲೇ ಹೇಳದಿದ್ದದ್ದಕ್ಕೆ ನಾನು ಅವರಿಗೆ ಇಂದಿಗೂ ಋಣಿ.

ಅವಳಿಗೆ ಆ ವರ್ಷದ ಬೂಸ್ಟರ್ ಚುಚ್ಚುಮದ್ದು ಹಾಕಿಸಿರಲಿಲ್ಲ. ಹಿಂದಿನ ವರ್ಷ ಹಾಕಿಸಿದ್ದೆ, ಈ ಸಲ ಎರಡು ತಿಂಗಳು ತಡವಾದರೆ ಏನಾಗುತ್ತದೆ ಅಂದುಕೊಂಡೆ. ನನ್ನ ಇನ್ನೊಂದು ಕುದುರೆ, ಎಂಟು ವರ್ಷದ ಗಂಡು ಬಾಣ, ಹೊಸದಾಗಿ ಬಂದವನು. ಮಾರುವವರು ಹಾಕಿಸಿಯೇ ಕೊಟ್ಟಿದ್ದರು. ಅದೇ ಲಾಯ, ಅದೇ ತೊಟ್ಟಿ, ಅವೇ ಸೊಳ್ಳೆ. ಬಾಣನಿಗೆ ಏನೂ ಆಗಲಿಲ್ಲ. ಸೋಂಕು ತಗುಲಿದ ಕುದುರೆಗಳಲ್ಲಿ ಹೆಚ್ಚಿನವಕ್ಕೆ ಲಕ್ಷಣವೇ ಕಾಣುವುದಿಲ್ಲ, ಹಾಗಾಗಿ ಲಸಿಕೆಯೇ ಅವನನ್ನು ಉಳಿಸಿತು ಎಂದು ಇದೊಂದರಿಂದಲೇ ಹೇಳಲಾರೆ. ಆದರೆ ಆ ಹದಿನೈದು ದಿನ ಅವರಿಬ್ಬರ ನಡುವಿನ ಗೋಡೆಗೆ ಒರಗಿ ಕೂತಿದ್ದವಳು ನಾನು.

ಈಗ ಬಟ್ಟೆಯ ವಿಷಯ.

ಪೊಟ್ಟಣ ಬಿಚ್ಚಿದ ಕೂಡಲೇ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಮಾರುಕಟ್ಟೆಯಲ್ಲಿ ನೊಣದ ರಗ್ ಅಂತ ಸಿಗುವುದು ಬೇರೆ, ಸೊಳ್ಳೆಯದು ಬೇರೆ. ನೊಣದ ರಗ್ಗಿನಲ್ಲಿ ತೂತುಗಳು ದೊಡ್ಡವು, ಸೊಳ್ಳೆ ಕುಳಿತಲ್ಲಿಂದಲೇ ಸೊಂಡಿಲು ಇಳಿಸುತ್ತದೆ. ನಾವು ಹಾಸಿಗೆಗೆ ಕಟ್ಟುವ ಸೊಳ್ಳೆ ಪರದೆಯ ತೂತು 1.2 ಮಿಲಿಮೀಟರಿನ ಆಸುಪಾಸು ಇರುತ್ತದೆ. ನಾನು ಕೊಂಡದ್ದು ಅದಕ್ಕಿಂತಲೂ ಒತ್ತಾದ ನೇಯ್ಗೆ. ಹಳೆಯ ಪರದೆಯ ತುಂಡೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದೆ, ಈ ವಿಷಯದಲ್ಲಿ ಪೂರ್ತಿ ಅಂಕ ಕೊಡುತ್ತೇನೆ.

ಆದರೆ ತೂತು ಸಣ್ಣದಾದರೆ ಮಾತ್ರ ಸಾಲದು, ಬಟ್ಟೆ ಮೈಗೆ ಅಂಟಬಾರದು. ಪರದೆಗೆ ಕೈ ತಾಗಿಸಿ ಮಲಗಿದರೆ ಬೆಳಿಗ್ಗೆ ಆ ಕೈಯಲ್ಲಿ ಮಾತ್ರ ದದ್ದು ಇರುತ್ತದಲ್ಲ, ಕುದುರೆಗೂ ಹಾಗೆಯೇ. ಮೊದಲ ವಾರ ರಾತ್ರಿ ಟಾರ್ಚ್ ಹಿಡಿದು ಗೌರಿಯ ಮೈಮೇಲೆ ಸೊಳ್ಳೆ ಎಣಿಸಿದೆ. ಪಕ್ಕೆಯ ಮೇಲೆ, ಬೆನ್ನ ಮೇಲೆ ಬಟ್ಟೆ ಸಡಿಲವಾಗಿ ಇಳಿಬಿದ್ದ ಕಡೆ ಕುಳಿತವು ಸುಮ್ಮನೆ ಅಲೆದಾಡಿ ಹಾರಿಹೋದವು. ಭುಜದ ಮೇಲೆ, ಬಟ್ಟೆ ಬಿಗಿಯಾಗಿ ಚರ್ಮಕ್ಕೆ ಒತ್ತಿದ್ದ ಅಂಗೈಯಗಲದ ಜಾಗದಲ್ಲಿ ನಾಲ್ಕು ಸೊಳ್ಳೆ ಅಲುಗಾಡದೆ ಕೂತಿದ್ದವು. ಹೊಸಕಿದರೆ ರಕ್ತ. ಅಂದರೆ ಬಟ್ಟೆಯ ಮೂಲಕವೇ ಕಡಿದಿದ್ದವು. ಅಳತೆಪಟ್ಟಿಯ ಪ್ರಕಾರ ಸರಿಯಾದ ಅಳತೆಯನ್ನೇ ತರಿಸಿದ್ದೆ. ಆದರೆ ಆ ಪಟ್ಟಿ ಎದೆಯ ನಡುವಿನಿಂದ ಬಾಲದವರೆಗಿನ ಉದ್ದವನ್ನಷ್ಟೇ ಕೇಳುತ್ತದೆ. ಗೌರಿಯಂತೆ ಭುಜ ಅಗಲವಿರುವ ಕುದುರೆಗೆ ಆ ಲೆಕ್ಕ ಸಾಲದು. ಒಂದು ಅಳತೆ ದೊಡ್ಡದನ್ನು ತರಿಸಿ, ಭುಜದ ಒಳಗಡೆ ಮೃದುವಾದ ದಪ್ಪ ಬಟ್ಟೆಯ ಪಟ್ಟಿ ಹೊಲಿಸಿದೆ. ಆಮೇಲೆ ಭುಜದ ಕಾಟ ನಿಂತಿತು. ದೊಡ್ಡದು ತರಿಸಿದಾಗ ಹಳೆಯದನ್ನು ಅಂಗಡಿಯವರು ಮಾತಿಲ್ಲದೆ ವಾಪಸು ತೆಗೆದುಕೊಂಡರು, ಅದನ್ನೂ ಹೇಳಬೇಕು.

ಹೊಟ್ಟೆಪಟ್ಟಿ ಇಲ್ಲದ ರಗ್ ಕೊಳ್ಳಲೇಬೇಡಿ. ಹೊಟ್ಟೆಯ ಕೆಳಗಿನ ಚರ್ಮ ತೆಳು, ಕೂದಲು ಕಡಿಮೆ, ಬಾಲದ ಬೀಸು ಅಲ್ಲಿಗೆ ಮುಟ್ಟುವುದಿಲ್ಲ. ಇದರ ಹೊಟ್ಟೆಪಟ್ಟಿ ಅಗಲವಾಗಿದೆ, ಎರಡು ಬಕಲ್, ಎಲಾಸ್ಟಿಕ್ ಕೂಡ ಚೆನ್ನಾಗಿದೆ. ಬಾಣ ಗಂಡಾದ್ದರಿಂದ ಮೂತ್ರ ತಾಗಿ ಅವನ ಪಟ್ಟಿ ದಿನವೂ ಒದ್ದೆಯಾಗುತ್ತಿತ್ತು. ಅದನ್ನು ಒಂದು ಗೇಣು ಮುಂದಕ್ಕೆ ಸರಿಸಿ ಹೊಲಿಸಬೇಕಾಯಿತು. ಮಾಡಿದವರೇ ಯೋಚಿಸಬೇಕಿದ್ದ ವಿಷಯ ಇದು.

ಮುಖಗವಸಿನ ಬಗ್ಗೆ ನನಗೆ ಎರಡು ಮನಸ್ಸು. ಕಿವಿಯ ಒಳಗೆ ಸೊಳ್ಳೆ ಮುತ್ತುವುದನ್ನು ನೋಡಿದವರಿಗೆ ಕಿವಿಚೀಲದ ಬೆಲೆ ಗೊತ್ತು. ಕಣ್ಣಿನ ಮುಂದೆ ಬಲೆ ಉಬ್ಬಿ ನಿಲ್ಲುವಂತೆ ಹೊಲಿದಿದ್ದಾರೆ, ರೆಪ್ಪೆಗೆ ತಾಗುವುದಿಲ್ಲ. ಆದರೆ ಮೂತಿ ಬಯಲು. ಮೇಯಬೇಕು, ಕುಡಿಯಬೇಕು, ಬೇರೆ ದಾರಿಯಿಲ್ಲ. ಮೊಣಕಾಲಿನ ಕೆಳಗೂ ಬಯಲೇ. ಟಾರ್ಚ್ ಬೆಳಕಲ್ಲಿ ಕೊನೆಗೆ ಉಳಿಯುತ್ತಿದ್ದ ಸೊಳ್ಳೆಗಳೆಲ್ಲ ಮೂತಿ ಮತ್ತು ಕಾಲಿನ ಮೇಲೆ. ಮೊದಲು ಎಣಿಕೆಗೆ ಸಿಗದಷ್ಟು ಇರುತ್ತಿದ್ದವು, ಈಗ ಒಂದು ಕೈಬೆರಳಿನಲ್ಲಿ ಮುಗಿಯುತ್ತವೆ. ತುಂಬಾ ಒಳ್ಳೆಯ ಫಲ. ಆದರೂ ಸೊನ್ನೆ ಅಲ್ಲ. ವೈರಸ್ ಹೊತ್ತ ಸೊಳ್ಳೆ ಒಂದೇ ಸಾಕು.

ಸೆಕೆಯ ಚಿಂತೆ ನನಗೂ ಇತ್ತು. ಮೊದಲ ಕೆಲವು ಸಂಜೆ ಅರ್ಧಗಂಟೆಗೊಮ್ಮೆ ರಗ್ಗಿನಡಿ ಕೈ ತೂರಿಸಿ ನೋಡುತ್ತಿದ್ದೆ. ಬಿಳಿ ಬಟ್ಟೆಯಾದ್ದರಿಂದ ಬಿಸಿಲು ಹೀರುವುದಿಲ್ಲ, ಗಾಳಿಯೂ ಆಡುತ್ತದೆ. ಸವಾರಿ ಮುಗಿಸಿ ಬೆವತ ಮೈಗೆ ಮಾತ್ರ ನೇರ ಹಾಕಬೇಡಿ. ಒಮ್ಮೆ ಬಾಣನಿಗೆ ಹಾಗೆ ಮಾಡಿ ಜೀನಿನ ಜಾಗದಲ್ಲಿ ಬೆವರುಗುಳ್ಳೆ ಎದ್ದವು. ಒಗೆಯುವುದು ಸುಲಭ, ಆದರೆ ವೆಲ್ಕ್ರೋಗೆ ಜೂಲಿನ ಕೂದಲು ಮೆತ್ತಿಕೊಂಡು ಎಂಟು ತಿಂಗಳಿಗೆ ಹಿಡಿತ ಹೋಯಿತು. ನಾನು ಗುಂಡಿ ಹೊಲಿಸಿದೆ. ಮೊಳೆಗೆ ಸಿಕ್ಕಿ ಹರಿದ ಕಡೆಯೆಲ್ಲ ಅಂದೇ ತೇಪೆ ಹಾಕಬೇಕು, ಬೆರಳು ತೂರುವಷ್ಟು ಹರಿದರೂ ಇಡೀ ಗೂಡಿಗೆ ಬಾಗಿಲು ತೆರೆದಂತೆ.

ಇದೇ ರಗ್ ಪರ್ಮೆಥ್ರಿನ್ ಎಂಬ ಕೀಟನಾಶಕ ಸೇರಿಸಿದ ಬಟ್ಟೆಯಲ್ಲೂ ಸಿಗುತ್ತದೆ. ಬಿಗಿಯಾದ ಜಾಗದಲ್ಲೂ ಸೊಳ್ಳೆ ಕೂರಲು ಹಿಂಜರಿಯುತ್ತದೆ ಅನ್ನುವುದು ಅದರ ಲಾಭ. ನಾನು ತರಿಸಲಿಲ್ಲ. ನಮ್ಮ ಲಾಯದಲ್ಲಿ ಬೆಕ್ಕಿದೆ, ಮಡಚಿಟ್ಟ ರಗ್ಗಿನ ಮೇಲೆಯೇ ಅದರ ನಿದ್ದೆ. ಪರ್ಮೆಥ್ರಿನ್ ಕುದುರೆಗೆ ಒಗ್ಗಿದರೂ ಬೆಕ್ಕಿಗೆ ವಿಷ, ಮೀನಿಗೂ ವಿಷ. ಹಾಗಾಗಿ ಸಾದಾ ಬಟ್ಟೆ ಹಾಕಿ, ಕಾಲಿಗೆ ಮಾತ್ರ ಕುದುರೆಗೆಂದೇ ಮಾಡಿದ ಸಿಂಪಡಣೆ ಹೊಡೆದು, ಮೂತಿಗೆ ಅದನ್ನೇ ಬಟ್ಟೆಯಲ್ಲಿ ತೇವ ಮಾಡಿ ಕಣ್ಣು, ಮೂಗಿನ ಹೊಳ್ಳೆ, ತುಟಿ ಬಿಟ್ಟು ಒರೆಸುತ್ತೇನೆ. ಬೆವರಿದರೆ, ಮಳೆಯಲ್ಲಿ ನೆನೆದರೆ ಅದು ತೊಳೆದು ಹೋಗುತ್ತದೆ, ಮತ್ತೆ ಹಚ್ಚಲೇಬೇಕು.

ಜೀಬ್ರಾ ಪಟ್ಟೆಯ ರಗ್ ಕೂಡ ಇದೆ. ಪಟ್ಟೆ ಕಂಡರೆ ಕುದುರೆನೊಣಗಳಿಗೆ ಸರಿಯಾಗಿ ಇಳಿಯಲು ಆಗುವುದಿಲ್ಲ ಅನ್ನುವುದು ಪರೀಕ್ಷೆ ಮಾಡಿ ಕಂಡುಕೊಂಡ ಸಂಗತಿ. ಆದರೆ ಅದು ಹಗಲು ಹೊತ್ತು ಕಣ್ಣಿನಿಂದ ಗುರಿ ಹುಡುಕುವ ದಪ್ಪ ನೊಣದ ಕಥೆ. ವೆಸ್ಟ್ ನೈಲ್ ಹೊರುವ ಕ್ಯೂಲೆಕ್ಸ್ ಸೊಳ್ಳೆ ಬರುವುದು ಕತ್ತಲೆಯಲ್ಲಿ, ಉಸಿರಿನ ಜಾಡು, ಮೈಯ ವಾಸನೆ, ಶಾಖ ಹಿಡಿದುಕೊಂಡು. ಪಟ್ಟೆಗೆ ಹೆಚ್ಚು ಹಣ ಕೊಡಬೇಡಿ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಎದೆಪಟ್ಟಿಯ ಒಳಗಿನ ಚೀಟಿ ನೋಡಿ. 'ಸೊಳ್ಳೆಯಿಂದ ಹರಡುವ ರೋಗಗಳಿಂದ ಸಂಪೂರ್ಣ ರಕ್ಷಣೆ' ಎಂಬ ಅರ್ಥದ ಸಾಲು ಅದರಲ್ಲಿತ್ತು. ಈ ಮಾತನ್ನು ನಂಬಿ ಒಬ್ಬರು ಚುಚ್ಚುಮದ್ದು ಬಿಟ್ಟರೂ ಒಂದು ಕುದುರೆ ನೆಲಕ್ಕೆ ಬೀಳಬಹುದು. ನಾನು ಗೌರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ರಾತ್ರಿಗಳು ಇನ್ನೊಬ್ಬರಿಗೆ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಸೊಳ್ಳೆ ತರುವ ಈ ಮಿದುಳು ಜ್ವರಗಳು ಒಂದೆರಡಲ್ಲ. ವೆಸ್ಟ್ ನೈಲ್ ವೈರಸ್ ಮೊದಲು ಸಿಕ್ಕಿದ್ದು 1937ರಲ್ಲಿ, ಉಗಾಂಡಾದ ವೆಸ್ಟ್ ನೈಲ್ ಜಿಲ್ಲೆಯಲ್ಲಿ. 1999ರಲ್ಲಿ ಅದು ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡಾಗ ಕಾಗೆಗಳು ಸತ್ತು ಬೀಳುತ್ತಿದ್ದವು. ಮೂರೇ ವರ್ಷಕ್ಕೆ, 2002ರಲ್ಲಿ, ಅಮೆರಿಕದಲ್ಲಿ 15,000ಕ್ಕೂ ಹೆಚ್ಚು ಕುದುರೆಗಳು ಅದರಿಂದ ಕಾಯಿಲೆ ಬಿದ್ದವು. ಕುದುರೆಗಳಿಗೆ ಲಸಿಕೆ 2001ರಲ್ಲೇ ಬಂದಿತ್ತು. ಮನುಷ್ಯರಿಗೆ ಇನ್ನೂ ಬಂದಿಲ್ಲ. ನಮಗೇ ಇಲ್ಲದ ರಕ್ಷೆ ನಮ್ಮ ಕುದುರೆಗೆ ಇದೆ, ಅದನ್ನು ಕೊಡಿಸದೆ ಬಿಟ್ಟೆನಲ್ಲ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಈಸ್ಟರ್ನ್ ಎಕ್ವೈನ್ ಎನ್ಸೆಫಲೈಟಿಸ್ ಇನ್ನೂ ಕ್ರೂರಿ, ಲಕ್ಷಣ ಕಂಡ ಹತ್ತು ಕುದುರೆಗಳಲ್ಲಿ ಒಂಬತ್ತರವರೆಗೂ ಸಾಯಬಹುದು. ವೆಸ್ಟರ್ನ್ ಎಂಬುದು ಅದರಷ್ಟು ಮಾರಕವಲ್ಲ. ಏಷ್ಯಾದಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಇದೆ, ಅದು ಹಂದಿ ಮತ್ತು ನೀರುಹಕ್ಕಿಗಳಲ್ಲಿ ಬೆಳೆದು ಸೊಳ್ಳೆಯ ಮೂಲಕ ಕುದುರೆಗೂ ಮನುಷ್ಯರಿಗೂ ಬರುತ್ತದೆ. ನಿಮ್ಮ ಸೀಮೆಯಲ್ಲಿ ಯಾವುದಿದೆ, ಯಾವ ಲಸಿಕೆ ಬೇಕು ಎಂಬುದನ್ನು ನಿಮ್ಮ ಪಶುವೈದ್ಯರನ್ನೇ ಕೇಳಿ. ಮೊದಲ ಸಲವಾದರೆ ಸಾಮಾನ್ಯವಾಗಿ ಕೆಲವು ವಾರಗಳ ಅಂತರದಲ್ಲಿ ಎರಡು ಸೂಜಿ, ಆಮೇಲೆ ವರ್ಷಕ್ಕೊಮ್ಮೆ. ಸೊಳ್ಳೆ ವರ್ಷವಿಡೀ ಇರುವ ಕಡೆ ಇನ್ನೂ ಬೇಗ ಬೇಗ ಬೇಕಾಗಬಹುದು. ಸೊಳ್ಳೆ ಏಳುವ ಕಾಲಕ್ಕೆ ಮುಂಚೆಯೇ ಹಾಕಿಸಬೇಕು, ಮೈಯಲ್ಲಿ ಶಕ್ತಿ ಹುಟ್ಟಲು ಸಮಯ ಹಿಡಿಯುತ್ತದೆ.

ಗೌರಿ ಮಲಗಿದ್ದಾಗ ಸವಾರಿಗೆ ಬರುವ ಮಕ್ಕಳ ತಾಯಂದಿರು ಹೆದರಿ ಫೋನ್ ಮಾಡಿದ್ದರು, ಕುದುರೆಯಿಂದ ಮಗುವಿಗೆ ಬರುತ್ತದೆಯೇ ಅಂತ. ವೆಸ್ಟ್ ನೈಲಿನಲ್ಲಿ ಆ ಭಯ ಬೇಡ. ವೈರಸ್ ಓಡಾಡುವುದು ಹಕ್ಕಿಗೂ ಸೊಳ್ಳೆಗೂ ನಡುವೆ. ಕುದುರೆಯ ರಕ್ತದಲ್ಲಿ ಅದು ಇನ್ನೊಂದು ಸೊಳ್ಳೆಗೆ ಅಂಟುವಷ್ಟು ಬೆಳೆಯುವುದೇ ಇಲ್ಲ. ಕುದುರೆ ಆ ದಾರಿಯ ಕೊನೆ. ವೆನೆಜುವೆಲನ್ ಎನ್ಸೆಫಲೈಟಿಸ್ ಮಾತ್ರ ಬೇರೆ. ಅದರ ದೊಡ್ಡ ಹಾವಳಿಗಳಲ್ಲಿ ಕುದುರೆಯ ರಕ್ತದಿಂದಲೇ ಸೊಳ್ಳೆ ವೈರಸ್ ಹೀರಿ ಮನುಷ್ಯರಿಗೆ ಮುಟ್ಟಿಸುತ್ತದೆ. 1971ರಲ್ಲಿ ಅದು ಟೆಕ್ಸಸ್‌ಗೆ ಬಂದಾಗ ಲಕ್ಷಗಟ್ಟಲೆ ಕುದುರೆಗಳಿಗೆ ಲಸಿಕೆ ಹಾಕಿ, ಕುದುರೆಗಳ ಓಡಾಟ ತಡೆದು, ಸೊಳ್ಳೆಗೆ ಔಷಧಿ ಹೊಡೆದು ನಿಲ್ಲಿಸಬೇಕಾಯಿತು. ಆ ರೋಗ ಇರುವ ಕಡೆ ಕಾಯಿಲೆ ಬಿದ್ದ ಕುದುರೆಯನ್ನು ಬಲೆಯೊಳಗೆ ಇಡುವುದು ಊರಿನ ಜನರನ್ನೂ ಕಾಪಾಡಿದಂತೆ. ರಗ್ ಮಾರುವವರು ಚೀಟಿಯಲ್ಲಿ ಬರೆಯುವುದಾದರೆ ಇಂಥದ್ದನ್ನು ಬರೆಯಲಿ.

ರಗ್ಗಿನ ಜೊತೆ ಕೊಂಡ ಇನ್ನೆರಡು ವಸ್ತುಗಳ ಬಗ್ಗೆಯೂ ಹೇಳುತ್ತೇನೆ. ಒಂದು, ಬಿಟಿಐ ಬಿಲ್ಲೆ. ಸೊಳ್ಳೆಮರಿ ಇದನ್ನು ತಿಂದರೆ ಅದರ ಕರುಳು ಒಡೆದು ಸಾಯುತ್ತದೆ, ಕುದುರೆಗೆ, ಹಕ್ಕಿಗೆ, ಮೀನಿಗೆ ತೊಂದರೆಯಿಲ್ಲ. 1976ರಲ್ಲಿ ಇಸ್ರೇಲಿನ ಮರುಭೂಮಿಯ ಕೊಳವೊಂದರಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಇದು. ಲಾಯದ ಹಿಂದಿನ ಚರಂಡಿಗೆ, ಖಾಲಿ ಮಾಡಲಾಗದ ಹೊಂಡಕ್ಕೆ ಹಾಕುತ್ತೇನೆ. ಹಾಕಿದ ಮರುದಿನವೇ ನೀರಿನ ಮೇಲೆ ಒದ್ದಾಡುವ ಮರಿಗಳು ಕಡಿಮೆಯಾದವು. ಕೋಶಾವಸ್ಥೆಗೆ ಬಂದು ತಿನ್ನುವುದನ್ನು ಬಿಟ್ಟ ಮರಿಗೂ ಹಾರುವ ಸೊಳ್ಳೆಗೂ ಅದು ಏನೂ ಮಾಡದು, ಹಾಗಾಗಿ ಸಮಯಕ್ಕೆ ಸರಿಯಾಗಿ ಮತ್ತೆ ಮತ್ತೆ ಹಾಕುತ್ತಿರಬೇಕು. ಕುಡಿಯುವ ತೊಟ್ಟಿಗೆ ಬಿಲ್ಲೆ ಬೇಕಿಲ್ಲ. ಬೆಚ್ಚಗಿನ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಬೇಕು, ನಾಲ್ಕು ದಿನಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ಬದಿಗಳನ್ನು ಉಜ್ಜಿದರೆ ಆಯಿತು. ನಮ್ಮಲ್ಲಿ ಕಂಡುಹಿಡಿಯಲು ತಿಂಗಳು ಹಿಡಿದ ಜಾಗ ಯಾವುದು ಗೊತ್ತೇ? ಮೇವಿನ ರಾಶಿಗೆ ಹೊದಿಸಿದ ಟಾರ್ಪಾಲಿನ ಮಡಿಕೆ. ಅಂಗೈಯಷ್ಟು ನೀರು, ಅದರ ತುಂಬ ಮರಿ.

ಇನ್ನೊಂದು, ಲಾಯದ ಫ್ಯಾನ್. ಸೊಳ್ಳೆಗೆ ಹಾರುವ ಬಲ ಕಡಿಮೆ, ಜೋರು ಗಾಳಿಗೆ ಎದುರು ನಿಲ್ಲಲಾರದು. ಗಾಳಿ ಮೂತಿ ಮತ್ತು ಕಾಲಿನ ಕಡೆ, ಅಂದರೆ ರಗ್ ಮುಚ್ಚದ ಜಾಗಕ್ಕೇ ಬೀಸುವ ಹಾಗೆ ತಿರುಗಿಸಿ ಕಟ್ಟಿದೆವು. ಕೈಬೆರಳಿನೆಣಿಕೆಗೆ ಇಳಿದದ್ದು ಈ ಫ್ಯಾನ್ ಬಂದ ಮೇಲೆಯೇ. ರಗ್ಗಿಗೆ ಪೂರ್ತಿ ಶ್ರೇಯ ಕೊಟ್ಟರೆ ಅನ್ಯಾಯವಾಗುತ್ತದೆ. ಮನೆಯ ಫ್ಯಾನ್ ತಂದು ಕಟ್ಟಬೇಡಿ, ಹುಲ್ಲಿನ ಧೂಳು ಮೋಟಾರಿಗೆ ಹೋಗಿ ಬೆಂಕಿ ಹತ್ತುವ ಅಪಾಯವಿದೆ. ಮೋಟಾರು ಮುಚ್ಚಿರುವ, ಕೊಟ್ಟಿಗೆಗೆಂದೇ ಮಾಡಿದ್ದು ಬೇಕು, ವೈರು ಕುದುರೆಯ ಬಾಯಿಗೆ ಎಟುಕದಂತೆ ಮೇಲೆ ಹೋಗಬೇಕು. ನೀಲಿ ಬೆಳಕಿನಲ್ಲಿ ಹುಳುಗಳನ್ನು ಚಟಪಟ ಸುಡುವ ಯಂತ್ರವನ್ನೂ ತಂದಿದ್ದೆ. ಬೆಳಿಗ್ಗೆ ತಟ್ಟೆ ನೋಡಿದರೆ ಬರೀ ಪತಂಗ, ಜೀರುಂಡೆ. ಸೊಳ್ಳೆ ಹುಡುಕಿದರೂ ಸಿಗಲಿಲ್ಲ. ಅದನ್ನು ತೆಗೆದಿಟ್ಟೆ.

ಹಾಗಾದರೆ ರಗ್ ಕೊಳ್ಳಬೇಕೇ? ಲಸಿಕೆ ಹಾಕಿಸಿದ್ದರೆ, ನಿಂತ ನೀರು ತೆಗೆದಿದ್ದರೆ, ಖಂಡಿತ ಕೊಳ್ಳಿ. ಐದರಲ್ಲಿ ನಾಲ್ಕು ಅಂಕ ಬಟ್ಟೆಗೆ ಮತ್ತು ಹೊಲಿಗೆಗೆ. ಭುಜದ ಅಳತೆ ಮತ್ತು ವೆಲ್ಕ್ರೋಗಾಗಿ ಒಂದು ಕಳೆದಿದ್ದೇನೆ. ಹೊಸ ಮರಿ ಹುಟ್ಟಿ ಇನ್ನೂ ಲಸಿಕೆಯ ವಯಸ್ಸಿಗೆ ಬಂದಿಲ್ಲದಿದ್ದರೆ, ಅಥವಾ ಎರಡು ಸೂಜಿಗಳ ನಡುವಿನ ವಾರಗಳಲ್ಲಿ, ಇದರ ಉಪಯೋಗ ಎಲ್ಲಕ್ಕಿಂತ ಹೆಚ್ಚು. ಕೈಯಲ್ಲಿರುವ ಹಣ ಎರಡರಲ್ಲಿ ಒಂದಕ್ಕೆ ಮಾತ್ರ ಸಾಕಾದರೆ ಬಟ್ಟೆ ಬಿಡಿ, ಪಶುವೈದ್ಯರನ್ನು ಕರೆಸಿ.

ಗೌರಿ ಈಗ ಮಕ್ಕಳನ್ನು ಮತ್ತೆ ಹೊರುತ್ತಾಳೆ, ನಿಧಾನ ನಡಿಗೆಯಲ್ಲಿ ಮಾತ್ರ. ದಣಿದ ದಿನ ಬಲ ಹಿಂಗಾಲಿನ ಗೆರೆ ಮರಳಿನಲ್ಲಿ ಮೂಡುತ್ತದೆ. ಅಂಥ ದಿನ ಪಾಠ ಅಲ್ಲಿಗೇ ನಿಲ್ಲಿಸುತ್ತೇವೆ.

ಎದೆಪಟ್ಟಿಯ ಆ ಚೀಟಿಯನ್ನು ಎರಡೂ ರಗ್ಗಿನಿಂದ ಕತ್ತರಿಸಿ ತೆಗೆದೆ. ಅದೇ ಜಾಗದಲ್ಲಿ ಬಟ್ಟೆಯ ಸಣ್ಣ ತುಂಡು ಹೊಲಿದು, ಅಳಿಸದ ಶಾಯಿಯಲ್ಲಿ ಮುಂದಿನ ಬೂಸ್ಟರಿನ ತಾರೀಖು ಬರೆದಿದ್ದೇನೆ. ದಿನಾ ಸಂಜೆ ಬಕಲ್ ಹಾಕುವಾಗ ಕುದುರೆ ನೋಡಿಕೊಳ್ಳುವ ನಮ್ಮ ಹುಡುಗ ಅದನ್ನು ಓದುತ್ತಾನೆ. "ಅಕ್ಕಾ, ಇನ್ನು ಹನ್ನೊಂದು ದಿನ" ಅಂದ ನಿನ್ನೆ. ಡಾಕ್ಟರಿಗೆ ಆಗಲೇ ಫೋನ್ ಮಾಡಿ ಹೇಳಿದ್ದೇನೆ, ಎರಡೂ ಕುದುರೆಗಳಿಗೆ ಅವತ್ತೇ.